ವಾಷಿಂಗ್ ಮಷಿನ್ ಮೇಲಿನ ಇಂಟರ್ನೆಟ್

ಪೆಟಾಲಿಂಗ್ ಜಯಾ ಎಂಬ ಪರದೇಶದ ಊರಿನ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ಎಲ್ಲವೂ ಇತ್ತು. ಸೋಫಾ ಇತ್ತು, ಎರಡು ಏಸಿ ಇದ್ದವು, ನಾವು ಒಂದು ದಿನವೂ ಇಳಿಯದ ಈಜುಕೊಳಕ್ಕೆ ಹೋಗುವ ಕಾರ್ಡೂ ಇತ್ತು. ಇಂಟರ್ನೆಟ್ ಒಂದು ಇರಲಿಲ್ಲ. ಸಾಫ್ಟ್‌ವೇರ್ ಕೆಲಸದವನ ಮನೆಯಲ್ಲಿ ಇಂಟರ್ನೆಟ್ ಇಲ್ಲವೆಂದರೆ ಯಾರು ನಂಬುತ್ತಾರೆ? ನನ್ನ ಗಂಡನಿಗೆ ಆಫೀಸಿನಲ್ಲಿ ಬೇಕಾದಷ್ಟು ಸಿಗುತ್ತಿತ್ತು. ಮನೆಗೆ ಬಂದು ಫೋನಿನಲ್ಲಿ ಕ್ರಿಕೆಟ್ ಸ್ಕೋರ್ ನೋಡಿದರೆ ಇವರ ದಿನ ಮುಗಿಯಿತು. ಬೇಕಾಗಿದ್ದು ನನಗೆ.

ಆ ವರ್ಷ ನಾನು ಊರಿನ ಕಡೆಯ ಒಂದು ಸಂಸ್ಥೆಯ ಆನ್‌ಲೈನ್ ಡಿಪ್ಲೊಮಾಕ್ಕೆ ಸೇರಿದ್ದೆ. ಕನ್ನಡ ಬಾರದವರಿಗೆ ಕನ್ನಡ ಕಲಿಸುವ ತರಬೇತಿ ಅದು. ಟೀಚರ್ ಆಗಬೇಕೆಂಬುದು ನನ್ನ ಹಳೆಯ ಆಸೆ. ಮದುವೆ, ಮಗಳು, ಇವರ ವರ್ಗಾವಣೆಗಳು ಎಂದು ಅದು ಮೂಲೆ ಸೇರಿತ್ತು. ಮಗಳು ಕಾಲೇಜು ಹಾಸ್ಟೆಲಿಗೆ ಹೋದ ಮೇಲೆ, ನಲವತ್ತಾರನೇ ವಯಸ್ಸಿಗೆ, ಮತ್ತೆ ಎತ್ತಿಕೊಂಡೆ. ಕೊನೆಯ ಪರೀಕ್ಷೆ ಎಂದರೆ ಇಬ್ಬರು ಪರೀಕ್ಷಕರ ಎದುರು, ಕ್ಯಾಮೆರಾ ಆನ್ ಮಾಡಿಕೊಂಡು, ಒಬ್ಬಳೇ ಒಂದು ಕೋಣೆಯಲ್ಲಿ ಕೂತು ನಲವತ್ತು ನಿಮಿಷ ಪಾಠ ಮಾಡಬೇಕು. ಸಂಪರ್ಕ ಒಂದು ಸಲ ಕಡಿದರೆ ಮತ್ತೆ ಬರಬಹುದು. ಎರಡನೇ ಸಲ ಕಡಿದರೆ ಮುಂದಿನ ವರ್ಷವೇ ಗತಿ. ಮುಂದಿನ ವರ್ಷದವರೆಗೂ ನನ್ನ ಧೈರ್ಯ ಉಳಿಯುತ್ತದೆಂಬ ನಂಬಿಕೆ ನನಗೇ ಇರಲಿಲ್ಲ.

ಕೇಬಲ್ ಎಳೆಸಿಕೊಳ್ಳೋಣವೆಂದರೆ, ವಿಚಾರಿಸಿದ ಕಡೆಯೆಲ್ಲ ಎರಡು ವರ್ಷದ ಕರಾರು ಕೇಳಿದರು. ಇವರು ಇಲ್ಲಿ ದುಡಿಯಲು ಸರ್ಕಾರ ಕೊಟ್ಟ ಪಾಸಿನಲ್ಲಿ ಉಳಿದಿದ್ದು ಹನ್ನೊಂದು ತಿಂಗಳು. ನಡುವೆ ಬಿಟ್ಟರೆ ದಂಡ, ವಿದೇಶಿಯರಾದ್ದರಿಂದ ಮೊದಲೇ ಠೇವಣಿ ಬೇರೆ. ನಿಮ್ಮ ಹೆಸರಲ್ಲಿ ಹಾಕಿಸಿಕೊಡಿ ಎಂದು ಮನೆಯ ಒಡತಿಯನ್ನು ಕೇಳಿದೆ. ಆ ಚೀನೀ ಅಜ್ಜಿ ನನ್ನ ಮಾತು ಮುಗಿಯುವ ಮೊದಲೇ "ಕ್ಯಾನಾಟ್ ಲಾ" ಎಂದು ಇಲ್ಲಿನವರ ಇಂಗ್ಲಿಷಿನಲ್ಲಿ ಹೇಳಿ ಫೋನ್ ಇಟ್ಟರು. ಫೋನಿನ ಹಾಟ್‌ಸ್ಪಾಟ್ ತಿಂಗಳ ಹತ್ತನೇ ತಾರೀಖಿಗೆಲ್ಲ ಉಸಿರು ಬಿಡುತ್ತಿತ್ತು.

ಹಾಗಾಗಿ ನನ್ನ ವಿದ್ಯಾಭ್ಯಾಸ ನಡೆದದ್ದು ಬಹುಪಾಲು ಕೆಳಗಿನ ಮಾಮಕ್ ಅಂಗಡಿಯಲ್ಲಿ. ಮಾಮಕ್ ಎಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲು, ದೊಡ್ಡ ಟಿವಿ, ಪ್ಲಾಸ್ಟಿಕ್ ಕುರ್ಚಿ, ಪುಕ್ಕಟೆ ವೈಫೈ. ಗಂಟೆಗೊಂದು ಲೋಟ ಚಹಾ ಕುಡಿದು ಜಾಗ ಉಳಿಸಿಕೊಳ್ಳುತ್ತಿದ್ದೆ. ಒಂದು ಸಂಜೆ ಭಾಷಾ ಬೋಧನೆಯ ವಿಧಾನಗಳ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದಾಗ ನಮ್ಮ ಮೇಷ್ಟ್ರು ತಡೆದರು. "ಮೇಡಂ, ನಿಮ್ಮ ಹಿಂದೆ ಯಾರೋ ಗೋಲು ಹೊಡೆದ್ರು ಅನ್ಸುತ್ತೆ. ಸ್ವಲ್ಪ ಮ್ಯೂಟ್ ಮಾಡ್ಕೊಳ್ಳಿ" ಎಂದರು. ಇಪ್ಪತ್ತು ಜನ ನಕ್ಕರು. ಪರೀಕ್ಷೆಯನ್ನು ಇಲ್ಲಿ ಕೊಡಲು ಸಾಧ್ಯವಿಲ್ಲವೆಂದು ಅವತ್ತು ನನಗೆ ಖಚಿತವಾಯಿತು. ಮನೆಗೆ ಬಂದು ಇವರ ಮೇಲೆ ರೇಗಿದೆ.

"ನಾನೇನ್ ಮಾಡ್ಲಿ? ಸುಬಾಂಗ್ ಜಯಾದಲ್ಲಿ ನನ್ನ ಕಲೀಗ್ ಮನೆ ಇದೆ, ಎಕ್ಸಾಮ್ ದಿವ್ಸ ಅಲ್ಲಿಗೆ ಹೋಗು" ಎಂದರು.

"ಅವ್ರ ಮನೇಲಿ ಮೂರು ಮಕ್ಕಳು, ಒಂದು ನಾಯಿ. ನೀವು ಹೋಗಿ ಎಕ್ಸಾಮ್ ಕೊಡಿ" ಎಂದೆ.

ದಾರಿ ಸಿಕ್ಕಿದ್ದು ಇಲ್ಲಿನ ಭಾರತೀಯರ ಪೇಟೆ ಬ್ರಿಕ್‌ಫೀಲ್ಡ್ಸ್‌ನಲ್ಲಿ, ನಾನು ಬದನೆಕಾಯಿ ಕೊಳ್ಳಲು ಹೋದಾಗ. ಸೀರೆ ಅಂಗಡಿಯ ಪಕ್ಕದ ಸಂದಿಯಲ್ಲಿ ಒಬ್ಬ ತಮಿಳು ಹೆಂಗಸು ಫೋನು, ಸಿಮ್ಮು ಮಾರುತ್ತಿದ್ದಳು. ಗಾಜಿನ ಪೆಟ್ಟಿಗೆಯೊಳಗೆ ಬಿಳಿ ಡಬ್ಬಿಯಂಥದೊಂದು ಕಂಡಿತು. ಸಿಮ್ ಹಾಕಿದರೆ ಮನೆಗೆಲ್ಲ ವೈಫೈ ಕೊಡುವ ಯಂತ್ರ. ಪ್ಯಾಕಿಂಗ್ ಹರಿದದ್ದರಿಂದ ಅರ್ಧ ಬೆಲೆ.

"ಕಾಂಟ್ರಾಕ್ಟ್?" ಎಂದೆ ಭಯದಿಂದ.

"ಅದೆಲ್ಲಾ ಇಲ್ಲೆ ಮಾ. ಮಾಸಾಮಾಸಂ ಟಾಪ್‌ಅಪ್ ಪಣ್ಣುಂಗೊ, ಪೋದುಂ" ಎಂದಳು. ತಿಂಗಳು ತಿಂಗಳು ದುಡ್ಡು ಹಾಕಿಸಿದರೆ ಸಾಕು, ಬೇಡವಾದ ತಿಂಗಳು ಬಿಟ್ಟುಬಿಡಬಹುದು. ಏಳು ದಿನ ಇಟ್ಟು ನೋಡಿ, ಸರಿಹೋಗದಿದ್ದರೆ ವಾಪಸ್ ತನ್ನಿ ಎಂದೂ ಹೇಳಿದಳು. ತಿಂಗಳ ಖರ್ಚು ನಾನು ಮಾಮಕ್‌ನಲ್ಲಿ ಕುಡಿಯುತ್ತಿದ್ದ ಚಹಾಕ್ಕಿಂತ ಕಡಿಮೆ. ಬದನೆಕಾಯಿಯನ್ನು ಮರೆತು ಅದನ್ನೇ ಎದೆಗವಚಿಕೊಂಡು ರೈಲು ಹತ್ತಿದೆ.

ಇನ್ನು ಮುಂದಿನದನ್ನು ನಮ್ಮಂಥವರು ಮಾತ್ರ ಮಾಡಬಲ್ಲರು. ಹೊಸ ವಸ್ತು ಮನೆಗೆ ಬಂದರೆ ಮೊದಲು ದೇವರ ಮುಂದೆ ಇಡುವುದು ನಮ್ಮ ಪದ್ಧತಿ. ಮಿಕ್ಸಿಗೂ ಇಟ್ಟಿದ್ದೆವು, ಇವರ ಲ್ಯಾಪ್‌ಟಾಪಿಗೂ ಇಟ್ಟಿದ್ದೆವು. ಹಾಲ್‌ನ ಮೂಲೆಯಲ್ಲಿದ್ದ ಕಬ್ಬಿಣದ ಬೀರುವಿನೊಳಗಿನ ಮೇಲಿನ ಅರೆಯೇ ನಮ್ಮ ದೇವರ ಮನೆ. ಅಲ್ಲಿ ಆ ಯಂತ್ರಕ್ಕೆ ಅರಿಸಿನ ಕುಂಕುಮ ಹಚ್ಚಿ, ಮೇಲೊಂದು ಹೂ ಇಟ್ಟು, ಸ್ವಿಚ್ ಹಾಕಿದೆ. ದೀಪ ಮಿನುಗಿ ಯಂತ್ರದ ಮೈಮೇಲೆ ಸಿಗ್ನಲ್ಲಿನ ಎರಡು ಗೆರೆ ಮೂಡಿದವು. ನಾವಿಬ್ಬರೂ ಕೈಮುಗಿದೆವು.

"ಅಲ್ಲೇ ಇರ್ಲಿ ಬಿಡು. ಈಶಾನ್ಯ ಮೂಲೆ, ಒಳ್ಳೇದು" ಎಂದರು ಇವರು.

ಅಲ್ಲೇ ಉಳಿಯಿತು. ಮುಂದೆ ಪಂಚಪಾತ್ರೆ, ಎರಡು ಪಕ್ಕಕ್ಕೂ ಹಿತ್ತಾಳೆ ದೀಪದ ಕಂಬ, ಹಿಂದೆ ಬೆಳ್ಳಿಯ ಪ್ರಭಾವಳಿ, ಸುತ್ತ ಕಬ್ಬಿಣ. ಪೂಜೆ ಮುಗಿದ ಮೇಲೆ ಬೀರುವಿನ ಬಾಗಿಲನ್ನೂ ಭಕ್ತಿಯಿಂದ ಮುಚ್ಚುತ್ತಿದ್ದೆ. ಎರಡು ಗೆರೆ ಒಂದಾಯಿತು, ಒಂದು ಹೋಗಿ ಬಂದು ಮಾಡತೊಡಗಿತು. ಅಭ್ಯಾಸದ ಪಾಠದಲ್ಲಿ ನಾಲ್ಕು ಸಲ ಹೊರಗೆ ಬಿದ್ದೆ. ಐದು ದಿನ ಆ ಅಂಗಡಿಯವಳನ್ನು ಬೈದೆ, ಸಿಮ್ಮನ್ನು ಬೈದೆ, ಈ ದೇಶವನ್ನೇ ಬೈದೆ. ಶನಿವಾರಕ್ಕೆ ಏಳು ದಿನದ ಗಡುವು ಮುಗಿಯುತ್ತಿತ್ತು, ಅದಾದ ನಾಲ್ಕನೇ ದಿನ ಪರೀಕ್ಷೆ. ವಾಪಸ್ ಕೊಟ್ಟರೆ ಮತ್ತೆ ಮಾಮಕ್. ಗುರುವಾರ ಸಂಜೆ ಅಡುಗೆಮನೆಯಲ್ಲಿ ಕೂತು ಅತ್ತೆ. ಸಿಟ್ಟಿನ ಅಳು ಅದು.

ಶುಕ್ರವಾರ ದೇವರ ಸಾಮಾನು ತೊಳೆಯುವ ದಿನ. ಯಂತ್ರ ಅಡ್ಡವಾಯಿತೆಂದು ಅದನ್ನೂ ಎತ್ತಿ, ಉದ್ದ ತಂತಿಯ ಎಕ್ಸ್‌ಟೆನ್ಷನ್ ಸಮೇತ ಹಿಂದಿನ ಯಾರ್ಡಿಗೆ ಒಯ್ದು ವಾಷಿಂಗ್ ಮಷಿನ್ ಮೇಲಿಟ್ಟೆ. ಯಾರ್ಡ್ ಎಂದರೆ ಬಟ್ಟೆ ಒಣಗಿಸುವ ಕಿರಿದಾದ ಜಾಗ, ಒಂದು ಕಡೆ ಬರೀ ಕಂಬಿ, ಆಚೆ ಹೈವೇ ಮತ್ತು ಆಕಾಶ. ವಾಪಸ್ ಕೊಡುವ ವಸ್ತು ಎಂದು ಅದರ ಹಣೆಯ ಕುಂಕುಮ ಒರೆಸಿ, ಕೊನೆಯದಾಗಿ ಒಂದು ಸಲ ಇರಲಿ ಎಂದು ಸ್ವಿಚ್ ಹಾಕಿ, ದೀಪದ ಕಂಬಗಳಿಗೆ ಹುಣಸೆಹಣ್ಣು ಉಜ್ಜಲು ಕೂತೆ. ಒಳಗಿದ್ದ ಲ್ಯಾಪ್‌ಟಾಪಿನಿಂದ ನಮ್ಮ ಮೇಷ್ಟ್ರ ದನಿ ಕೇಳಿತು. ಮೂರು ದಿನದಿಂದ ಇಳಿಯದೆ ನಿಂತಿದ್ದ ಪಾಠದ ವಿಡಿಯೊ ಒಮ್ಮೆಲೇ ಓಡುತ್ತಿತ್ತು! ಹುಣಸೆಹಣ್ಣಿನ ಕೈಯಲ್ಲೇ ಎದ್ದು ಹೋಗಿ ನೋಡಿದೆ. ಎಲ್ಲ ಗೆರೆಗಳೂ ತುಂಬಿದ್ದವು.

ನನಗೆ ಆಗ ಅರ್ಥವಾಯಿತು. ನಾವು ಅದನ್ನು ಪೂಜಿಸಿ ಪೂಜಿಸಿ ಉಸಿರು ಕಟ್ಟಿಸಿದ್ದೆವು. ಯಂತ್ರವನ್ನು ಹಿಡಿದು ಮನೆಯೆಲ್ಲ ಸುತ್ತಿದೆ. ಬೀರುವಿನೊಳಗೆ ಒಂದು ಗೆರೆ. ಹಾಲ್‌ನಲ್ಲಿ ಎರಡು. ಅಡುಗೆಮನೆಯ ಹೊಸ್ತಿಲಿಗೆ ಬಂದರೂ ಎರಡೇ. ಯಾರ್ಡಿನ ಕಂಬಿಯ ಹತ್ತಿರ ಮಾತ್ರ ಭರ್ತಿ. ಆಫೀಸಿನಲ್ಲಿದ್ದ ಇವರಿಗೆ ಫೋನ್ ಮಾಡಿದೆ. ಮೀಟಿಂಗಿನಲ್ಲಿದ್ದೇನೆ ಎಂದರು. ಮೀಟಿಂಗ್ ಹಾಳಾಗಲಿ ಎಂದೆ.

"ವಾಷಿಂಗ್ ಮಷಿನ್ ಮೇಲಾ? ಕುಂಕುಮ ಹಚ್ಚಿದ ಸಾಮಾನು ಕಣೇ!"

"ಒರೆಸಿದೀನಿ. ಸ್ಪೀಡ್ ಎಷ್ಟು ಬರ್ತಿದೆ ಕೇಳಿ ಮೊದ್ಲು."

ಹೇಳಿದೆ. ಇನ್ನೊಂದು ಸಲ ಹೇಳಿಸಿಕೊಂಡರು. "ನಮ್ ಆಫೀಸಲ್ಲೂ ಇಷ್ಟು ಬರಲ್ಲ" ಎಂದರು ಕೊನೆಗೆ. ಇಪ್ಪತ್ತೆರಡು ವರ್ಷ ಕಂಪ್ಯೂಟರಿನಲ್ಲಿ ದುಡಿದವರ ಬಾಯಿಂದ ಈ ಮಾತು ಕೇಳಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ದಿನವಿಡೀ ಗುನುಗುತ್ತಾ ಓಡಾಡಿದೆ.

ಪರೀಕ್ಷೆ ಬುಧವಾರ, ಊರಿನ ಲೆಕ್ಕದಲ್ಲಿ ಮಧ್ಯಾಹ್ನ ಒಂದೂವರೆಗೆ, ನಮ್ಮಲ್ಲಿ ನಾಲ್ಕಕ್ಕೆ. ಇವರು ಅರ್ಧ ದಿನ ರಜೆ ಹಾಕಿ ಬಂದರು. ನಾನು ರೇಷ್ಮೆ ಸೀರೆ ಉಟ್ಟು, ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ಬುಟ್ಟಿಯಲ್ಲಿ ತರಕಾರಿ ಇಟ್ಟುಕೊಂಡು ಕೂತೆ. ಸಂತೆಯಲ್ಲಿ ಮಾತಾಡುವುದನ್ನು ಕಲಿಸುವ ಪಾಠ ನನ್ನದು. ಸಂಸ್ಥೆಯವರು ಕಲಿಯುವವರೆಂದು ಪರದೆಯ ಆಚೆ ಕೂರಿಸಿದ್ದವರಿಗೆ ಕನ್ನಡ ಒಂದಕ್ಷರವೂ ಬರುತ್ತಿರಲಿಲ್ಲ. ಬದನೆಕಾಯಿ ಎತ್ತಿ ತೋರಿಸಿ, ಎಷ್ಟು ಎಂದು ಕೇಳಿಸಿ, ಜಾಸ್ತಿ ಆಯ್ತು ಎಂದು ಚೌಕಾಸಿ ಮಾಡಿಸುತ್ತಿದ್ದೆ.

ಹತ್ತು ನಿಮಿಷ ಕಳೆದಿರಬೇಕು, ಗುಡುಗಿತು. ಇಲ್ಲಿನ ಮಧ್ಯಾಹ್ನದ ಮಳೆ ಹೇಳಿ ಕೇಳಿ ಬರುವುದಿಲ್ಲ. ಕಿಟಕಿಯ ಗಾಜಿನ ಮೇಲೆ ನೀರು ರಾಚತೊಡಗಿತು. ಯಾರ್ಡಿನ ಕಂಬಿಯಿಂದ ಎರಚಲು ನೇರ ವಾಷಿಂಗ್ ಮಷಿನ್ ಮೇಲೆ ಬೀಳುತ್ತದೆ. ಒಳಗೆ ತಂದರೆ ಸಿಗ್ನಲ್ ಹೋಗುತ್ತದೆ, ಹೊರಗೆ ಬಿಟ್ಟರೆ ಯಂತ್ರವೇ ಹೋಗುತ್ತದೆ. ಕ್ಯಾಮೆರಾ ಬಿಟ್ಟು ಏಳುವಂತಿಲ್ಲ. ಸಂಪರ್ಕ ಈಗ ಕಡಿಯಿತು, ಇನ್ನೇನು ಕಡಿಯಿತು ಎಂದುಕೊಳ್ಳುತ್ತಲೇ ಟೊಮೆಟೊ ತೂಗಿಸಿದೆ. ಪರೀಕ್ಷಕರ ಮುಖಗಳು ಪರದೆಯಲ್ಲಿ ಎಲ್ಲೂ ನಿಲ್ಲದೆ ಅಲುಗಾಡುತ್ತಲೇ ಇದ್ದವು. ಕೊತ್ತಂಬರಿ ಸೊಪ್ಪಿಗೆ ಬರುವ ಹೊತ್ತಿಗೆ ಮಳೆಯನ್ನೇ ಮರೆತೆ. ಕಲಿಯುವವರಲ್ಲಿ ಒಬ್ಬ ತಾನಾಗಿಯೇ "ಸ್ವಲ್ಪ ಕಡಿಮೆ ಮಾಡಿ" ಎಂದಾಗ ಚಪ್ಪಾಳೆ ತಟ್ಟಿಬಿಟ್ಟೆ.

ನಲವತ್ತು ನಿಮಿಷ ಮುಗಿಯಿತು. ಹಿರಿಯ ಪರೀಕ್ಷಕಿ ಕನ್ನಡಕ ತೆಗೆದು ಕೇಳಿದರು. "ಈಗ ಯಾವ ಶಾಲೇಲಿದ್ದೀರಿ?"

"ಯಾವ ಶಾಲೇಲೂ ಇಲ್ಲ ಮೇಡಂ. ಇದೇ ನನ್ನ ಮೊದಲ್ನೇ ಕ್ಲಾಸು."

"ಹೌದಾ? ಹಾಗನ್ನಿಸ್ಲೇ ಇಲ್ಲ ಟೀಚರ್" ಎಂದರು.

ಬಾಗಿಲು ತೆರೆದು ಯಾರ್ಡಿಗೆ ಓಡಿದೆ. ನನ್ನ ಗಂಡ ಆಫೀಸಿನ ಅಂಗಿಯಲ್ಲೇ ನಿಂತಿದ್ದರು. ಕಂಬಿಗೆ ಬೆನ್ನು ಕೊಟ್ಟು, ಎರಡು ಕೈಯಲ್ಲಿ ಕೊಡೆ ಹಿಡಿದು, ಅದನ್ನು ಪೂರ್ತಿ ಯಂತ್ರದ ಮೇಲೆ ಬಾಗಿಸಿದ್ದರು. ತಲೆಯಿಂದ ನೀರು ಸುರಿಯುತ್ತಿತ್ತು.

"ಕಟ್ ಆಯ್ತಾ?" ಎಂದರು.

"ಒಂದ್ಸಲಾನೂ ಇಲ್ಲ."

"ಏನಂದ್ರು?"

ಹೇಳಲು ಹೋದವಳು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಇವರು ಗಾಬರಿಯಾಗಿ "ಫೇಲಾ?" ಎಂದರು.

"ಟೀಚರ್ ಅಂದ್ರು ರೀ" ಎಂದೆ. "ನನ್ನನ್ನ ಟೀಚರ್ ಅಂದ್ರು."

ಇವರು ಕೊಡೆ ಕೈಬಿಟ್ಟು ನಗತೊಡಗಿದರು. ನಾನು ಆ ರೇಷ್ಮೆ ಸೀರೆಯಲ್ಲೇ ಮಳೆಯೊಳಗೆ ಹೋಗಿ ಅವರ ಪಕ್ಕ ನಿಂತೆ.