ಕರ್ನಲ್ ಮಾವ ಕರೆದ ಹಾಜರಿ

ಕುಲೆ, ಪ್ರೇತ ಎಂದರೆ ನಾನು ಮೊದಲಿಂದಲೂ ನಗುವವನೇ. ಈಗ ನಗು ಬರುವುದಿಲ್ಲ. ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ಶಕ್ತಿನಗರದಲ್ಲಿ ನಮ್ಮ ಪಕ್ಕದ ಮನೆಯ ಕರ್ನಲ್ ಮಾವ ಯುದ್ಧದಲ್ಲಿ ಒಂದು ತುಕಡಿಯನ್ನು ಮುನ್ನಡೆಸಿದವರು. ಎಂಬತ್ತು ದಾಟಿದರೂ ಗತ್ತು ಇಳಿದಿಲ್ಲ. ಅವರ ಜೀವನದ ಕಥೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುವ ಕೆಲಸವನ್ನು ಮಗಳು ಶಶಿಯಕ್ಕ ನನಗೆ ಅಂಟಿಸಿದ್ದರು. ಯುದ್ಧದ ಮಾತೆಲ್ಲ ಸಲೀಸಾಗಿ ಬರುತ್ತಿತ್ತು. ತಮ್ಮನ ವಿಷಯ ಬಂದರೆ ಮಾತ್ರ ಮಾವ ರೆಕಾರ್ಡಿಂಗ್ ನಿಲ್ಲಿಸು ಎನ್ನುತ್ತಿದ್ದರು. ಅವನೂ ಅದೇ ತುಕಡಿಯಲ್ಲಿದ್ದ. ಶತ್ರುಗಳಿದ್ದ ಗುಡ್ಡವನ್ನು ಒಂದು ದಿನ ಹತ್ತಬೇಕಾಗಿದ್ದವರು ಮಾವ. ಜ್ವರವಿತ್ತು, ಬದಲಿಗೆ ತಮ್ಮನನ್ನು ಕಳಿಸಿದರು. ಅವನು ಮರಳಲಿಲ್ಲ.

"ಅವನಿಗೆ ನನ್ನ ಮೇಲೆ ಸಿಟ್ಟು ಉಂಟಾ ಅಂತ ಒಂದು ಗೊತ್ತಾದರೆ ಸಾಕು ಮಾರಾಯ," ಎನ್ನುತ್ತಿದ್ದರು.

ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಗಾಲದಲ್ಲಿ, ಅವರ ಮನೆಯಲ್ಲಿ ತೀರಿಕೊಂಡವರಿಗೆ ಬಡಿಸುವ ಕ್ರಮವಿದೆ. ಒಳಕೋಣೆಯಲ್ಲಿ ಎಲೆ ಹಾಕಿ, ಕೋಳಿ ಸಾರು, ರೊಟ್ಟಿ ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲೆಳೆದುಕೊಂಡು ಎಲ್ಲರೂ ಹೊರಗೆ ಕಾಯುವುದು. ಕಳೆದ ವರ್ಷ ಅದನ್ನೂ ರೆಕಾರ್ಡ್ ಮಾಡು ಎಂದರು ಮಾವ. ಮೊಬೈಲನ್ನು ಆ ಕೋಣೆಯ ಕಿಟಕಿಯಲ್ಲಿಟ್ಟೆ.

ಮಾವ ಹೆಂಡತಿಯನ್ನು ಕರೆದರು, ತಮ್ಮನನ್ನು ಕರೆದರು. ಆಮೇಲೆ, ಹಿಂದೆಂದೂ ಇಲ್ಲದಂತೆ, ತಮ್ಮನ ಜೊತೆ ಗುಡ್ಡದಲ್ಲಿ ಸತ್ತ ಹುಡುಗರನ್ನೂ ಒಬ್ಬೊಬ್ಬರಾಗಿ ಕರೆಯತೊಡಗಿದರು. ಧ್ವನಿ ಏರಿತು, ಬೆನ್ನು ನೆಟ್ಟಗಾಯಿತು. ತುಕಡಿಯ ಹಾಜರಿ ಕರೆದ ಹಳೆಯ ಅಭ್ಯಾಸ ನೋಡಿ, ಕೊನೆಗೆ ತಮ್ಮದೇ ಹೆಸರನ್ನೂ ಕರೆದುಬಿಟ್ಟರು!

"ಅಯ್ಯೋ ದೇವರೇ, ಎಂತ ಮಾಡಿದ್ರಿ ಅಪ್ಪ!" ಎಂದು ಶಶಿಯಕ್ಕ ಚೀರಿದರು. ಸತ್ತವರ ಜೊತೆ ಬದುಕಿರುವವರ ಹೆಸರು ಕರೆದರೆ ಅವರೂ ಹೋಗುತ್ತಾರೆ ಎಂಬ ಭಯ ಅವರಿಗೆ. ಮಾವ ಬಾಗಿಲೆಳೆದರು. ಹೊರಗೆ ನಾವು ಮೂವರೇ ನಿಂತಿದ್ದೆವು. ಒಳಗಿಂದ ಒಂದು ಸದ್ದೂ ಬರಲಿಲ್ಲ.

ಸಂಜೆ ಮೊಬೈಲ್ ಹಾಕಿ ಕೇಳಿದೆವು. ಬಾಗಿಲು ಮುಚ್ಚಿದ ಸದ್ದಿನ ನಂತರ ಒಬ್ಬ ಯುವಕನ ಧ್ವನಿ, ತುಳುವಿನಲ್ಲಿ, ನಿಧಾನವಾಗಿ: "ಅಣ್ಣೆರ್ ಬರ್ಪುಜೆರ್. ಯಾನ್ ಉಲ್ಲೆ." ಅಣ್ಣ ಬರುವುದಿಲ್ಲ, ನಾನಿದ್ದೇನೆ ಎಂದು.

ನಾನು ಇನ್ನೊಮ್ಮೆ ಹಾಕಿದೆ, ಅದೇ ಧ್ವನಿ. ಅಪ್ಪ ಉಳಿದರು ಎಂದು ಶಶಿಯಕ್ಕ ಕೈ ಮುಗಿದರು. ಮಾವ ಮಾತ್ರ ಮಗುವಿನಂತೆ ಅತ್ತರು. "ಅವನದ್ದೇ ಸ್ವರ. ಈ ಸಲವೂ ನನ್ನ ಬದಲಿಗೆ ಅವನೇ ನಿಂತ."

ಅದು ಯಾರ ಧ್ವನಿ, ಹೇಗೆ ಬಂತು, ನನಗೆ ಇಂದಿಗೂ ತಿಳಿಯದು. ಆಮೇಲೆ ಮಾವನಿಗೆ ಎರಡು ಸಲ ಹೃದಯಾಘಾತವಾಯಿತು. ಎರಡು ಸಲವೂ ಡಾಕ್ಟರರು ಕೈಬಿಟ್ಟ ಮೇಲೆ ಎದ್ದು ಕೂತರು. ಮೊನ್ನೆ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದರು: "ಸಿಟ್ಟು ಇಲ್ಲ ಅಂತ ಹೇಗೆ ಹೇಳ್ಲಿ? ನನ್ನ ಹೆಂಡತಿ, ಹುಡುಗರು ಎಲ್ಲ ಅಲ್ಲಿದ್ದಾರೆ. ನನ್ನನ್ನು ಮಾತ್ರ ಅವನು ಅಲ್ಲಿಗೆ ಬರ್ಲಿಕ್ಕೆ ಬಿಡುದಿಲ್ಲ ಮಾರಾಯ."