ಕಾಲುವೆಗೆ ಬಿದ್ದ ಜೋಳ

ಬೈಲಹೊಂಗಲದಲ್ಲಿ ಬಿ.ಎ. ಮುಗಿಸಿದ ಮೇಲೆ, ನೌಕರಿ ಸಿಗುವ ತನಕ ಎಂದುಕೊಂಡು, ಸವದತ್ತಿಯ ಒಂದು ಹೆಣ್ಣುಮಕ್ಕಳ ವಸತಿನಿಲಯದಲ್ಲಿ ಪಾಠ ಹೇಳಿಕೊಡಲು ಸೇರಿದ್ದೆ. ತೊಂಬತ್ತರ ದಶಕದ ಕೊನೆಯ ವರ್ಷಗಳು. ಅಲ್ಲಿದ್ದ ಹುಡುಗಿಯರ ತಂದೆತಾಯಿಗಳು ಸವದತ್ತಿ, ರಾಮದುರ್ಗ ಕಡೆಯ ಹಳ್ಳಿಗಳಿಂದ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದವರು. ಸರಕಾರದ ಅನುದಾನ ಇರಲಿಲ್ಲ. ಸುಗ್ಗಿಯಲ್ಲಿ, ರಾಶಿಯ ದಿನಗಳಲ್ಲಿ, ಊರೂರು ತಿರುಗಿ ಬೇಡಿ ತಂದ ಜೋಳದಿಂದಲೇ ವರ್ಷದ ಊಟ ನಡೆಯಬೇಕು.

ಬೇಡಲು ಹೋಗುವಾಗ ಹುಡುಗಿಯರನ್ನೂ ಕರೆದೊಯ್ಯುವುದು ರೂಢಿ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಿಂತು ಅವರು ಹಾಡುತ್ತಿದ್ದರು, ಹೆಂಗಸರು ಮೊರದಲ್ಲಿ ಜೋಳ ತಂದು ಚೀಲಕ್ಕೆ ಸುರಿಯುತ್ತಿದ್ದರು. "ಹುಡುಗ್ಯಾರ ಮಾರಿ ನೋಡಿದ್ರ ಕೈ ತಾನ ಬಿಚ್ಚತಾವ," ಎನ್ನುತ್ತಿದ್ದರು ನಿಲಯ ನಡೆಸುತ್ತಿದ್ದ ಹಿರಿಯ ಬಾಯಾರು. ನಾನೂ ಅದನ್ನು ನಂಬಿದ್ದೆ. ಮುಂದಿನ ಸಾಲಿಗೆ ಸಣ್ಣವರನ್ನು, ತೀರ ತೆಳ್ಳಗಿದ್ದವರನ್ನು ಆರಿಸಿ ನಿಲ್ಲಿಸುತ್ತಿದ್ದವಳು ನಾನೇ.

ಆ ವರ್ಷ ಏಳನೆಯ ತರಗತಿಯಲ್ಲಿ ಒಬ್ಬಳೇ ಹುಡುಗಿ ಇದ್ದಳು. ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಗೆ ನಮ್ಮ ಕಡೆ ಮುಲ್ಕಿ ಎನ್ನುತ್ತಾರೆ. ಮುಲ್ಕಿಗೆ ಇನ್ನೂ ಐದು ವಾರ ಇತ್ತು, ಉಗ್ರಾಣದಲ್ಲಿ ಹತ್ತು ದಿನಕ್ಕೂ ಸಾಲದಷ್ಟು ಜೋಳ. ಜೋಳ ತೀರಿದರೆ ನಿಲಯ ಮುಚ್ಚುತ್ತದೆ; ಮುಚ್ಚಿದರೆ ಅವ್ವ ಬಂದು ಅವಳನ್ನು ಗೋವಾಕ್ಕೆ ಕರೆದೊಯ್ಯುತ್ತಾಳೆ; ಅಲ್ಲಿ ತಮ್ಮನನ್ನು ಎತ್ತಿಕೊಂಡು ಕೂಡ್ರುವುದೇ ಅವಳ ಕೆಲಸ. ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಅವಳು ಉಗ್ರಾಣದೊಳಗೆ ಇಣುಕುತ್ತಿದ್ದಳು.

ಟ್ರ್ಯಾಕ್ಟರನ್ನು ಮುನವಳ್ಳಿಯ ವ್ಯಾಪಾರಿಯೊಬ್ಬರು ಪುಕ್ಕಟೆ ಕೊಟ್ಟಿದ್ದರು. ಅದನ್ನು ನಡೆಸುತ್ತಿದ್ದ ಬಿಳಿ ಗಡ್ಡದ ಹಿರಿಯರಿಗೆ ಹುಡುಗಿಯರೆಲ್ಲ ಚಾಚಾ ಎನ್ನುತ್ತಿದ್ದರು. ಆ ಮಧ್ಯಾಹ್ನ ಮೂರು ಊರು ಮುಗಿಸಿ ಮಲಪ್ರಭಾ ಕಾಲುವೆಯ ದಂಡೆಗುಂಟ ಮರಳುತ್ತಿದ್ದೆವು. ಕೆಳಗೆ ಚೀಲಗಳು, ಚೀಲಗಳ ಮೇಲೆ ಒಂಬತ್ತು ಹುಡುಗಿಯರು, ದಾರಿಯ ಬದಿಯ ಹಲಗೆಯ ಮೇಲೆ ನಾನು. ಎದುರಿಗೆ ಮೇವಿನ ಗಾಡಿ ಬಂತು. ದಾರಿ ಬಿಡಲು ಚಾಚಾ ಕಾಲುವೆಯ ಕಡೆಗೆ ತುಸು ಸರಿಸಿದರು. ನೀರು ಜಿನುಗಿ ನೆಂದಿದ್ದ ಅಂಚು ಕುಸಿಯಿತು. ಟ್ರೇಲರಿನ ಒಂದು ಗಾಲಿ ಕೆಳಗಿಳಿದು, ಇಡೀ ಟ್ರೇಲರ್ ತುಂಬಿ ಹರಿಯುತ್ತಿದ್ದ ಕಾಲುವೆಯ ಕಡೆಗೆ ವಾಲಿತು.

ಈಗಲೂ ನನ್ನ ನೆನಪು ಇಲ್ಲಿಗೆ ಬಂದು ನಿಲ್ಲುತ್ತದೆ. ಮತ್ತೆ ಮೊದಲಿನಿಂದ ಶುರುವಾಗಿ, ಮತ್ತೆ ಇಲ್ಲಿಗೇ ಬರುತ್ತದೆ.

"ಯಾರೂ ಜಿಗೀಬ್ಯಾಡ್ರಿ!" ಎಂದು ಚಾಚಾ ಕೂಗುವಷ್ಟರಲ್ಲಿ ನಾನು ಜಿಗಿದಾಗಿತ್ತು. ದಾರಿಯ ಬದಿಗಿದ್ದ ನನ್ನ ಭಾರ ಇಳಿದದ್ದೇ ಟ್ರೇಲರ್ ಇನ್ನೊಂದು ಗೇಣು ವಾಲಿತು. ಹುಡುಗಿಯರು ಚೀರಿದರು.

ಚಾಚಾ ಬ್ರೇಕಿನ ಮೇಲಿನ ಕಾಲು ತೆಗೆಯುವಂತಿರಲಿಲ್ಲ. ಕುಂತಲ್ಲಿಂದಲೇ ತಿರುಗಿ ಹೇಳಿದರು: "ಅಕ್ಕೋರ, ಹಲಗಿ ಹಿಡೀರಿ! ಜೋತ ಬೀಳ್ರಿ!" ನಾನು ಜೋತುಬಿದ್ದೆ. ಮೇವಿನ ಗಾಡಿಯವನೂ ಓಡಿಬಂದು ಜೋತುಬಿದ್ದ. "ಒಬ್ಬೊಬ್ಬರ ಈ ಕಡೆ ಬರ್ರಿ. ಅಳೂದ ಆಮ್ಯಾಲೆ, ಮೊದಲ ಇಳೀರಿ." ಚೀಲಗಳ ಮೇಲೆ ಅಂಬೆಗಾಲಿಟ್ಟು ಬಂದು ಒಬ್ಬೊಬ್ಬರೇ ನಮ್ಮ ಹೆಗಲು ಹಿಡಿದು ಇಳಿದರು.

ಎಂಟು ಜನ ಇಳಿದರು. ಏಳನೆಯ ತರಗತಿಯ ಹುಡುಗಿ ಮಾತ್ರ ಕಾಲುವೆಯ ಬದಿಯಲ್ಲೇ ಇದ್ದಳು. ಒಂದು ಚೀಲದ ಸುತಳಿ ಬಿಚ್ಚಿತ್ತು. ಅವಳು ಅದರ ಬಾಯಿಯನ್ನು ಎರಡೂ ಕೈಯಿಂದ ಬಿಗಿಹಿಡಿದು ಕುಂತಿದ್ದಳು.

"ಬಿಡ ಬೇಟಾ ಅದನ್ನ."

"ಬಿಟ್ರ ಚೆಲ್ಲತೈತ್ರಿ ಚಾಚಾ."

"ಚೆಲ್ಲಲಿ."

"ಮುಲ್ಕಿ ತನಾ ಸಾಲಂಗಿಲ್ಲರಿ!"

ಚಾಚಾ ದನಿ ತಗ್ಗಿಸಿದರು. "ನಮ್ಮ ಮನೀ ಜ್ವಾಳ ತಂದ ಹಾಕತೇನಿ. ದೇವರಾಣಿ. ಚೀಲ ಬಿಟ್ಟು, ನನ್ನ ಮಾರಿ ನೋಡಕೋತ ಬಾ."

ಅವಳು ಬಿಟ್ಟಳು. ಚೀಲ ಉರುಳಿ ನೀರಿಗೆ ಬಿತ್ತು. ಜೋಳ ನೀರಿನ ಮೇಲೆ ಒಂದು ಕ್ಷಣ ಬೆಳ್ಳಗೆ ಹರಡಿ ಮುಳುಗಿತು. ಅವಳು ಚಾಚಾನ ಮುಖವನ್ನಷ್ಟೇ ನೋಡುತ್ತ ತೆವಳಿಬಂದು ಇಳಿದಳು. ಹೊಲದವರು ಹಗ್ಗ ತಂದು, ಇನ್ನೊಂದು ಟ್ರ್ಯಾಕ್ಟರ್ ಕಟ್ಟಿ ನಮ್ಮ ಟ್ರೇಲರನ್ನು ಎಳೆದು ದಾರಿಗೆ ಹಾಕಿದರು.

ಮೂರನೆಯ ದಿನ ಚಾಚಾ ಸೈಕಲ್ಲಿನ ಮೇಲೆ ಚೀಲ ಹೇರಿಕೊಂಡು ನಿಲಯಕ್ಕೆ ಬಂದರು. ನಾನು ತಡೆಯಲಾರದೆ ಹೇಳಿದೆ: "ಚಾಚಾ, ಎಲ್ಲಾರಿಗಿಂತ ಮೊದಲ ಜಿಗದಾಕಿ ನಾನ."

"ನೋಡೇನಿ ತಗೋರಿ. ನೀವು ಜೋತಬಿದ್ರೂ ಹಲಗಿಗಿ ಏನೂ ಗೊತ್ತಾಗಲಿಲ್ಲ. ಇನ್ನ ಮುಂದ ದಿನಾ ಎರಡ ರೊಟ್ಟಿ ಹೆಚ್ಚಿಗಿ ತಿನ್ರಿ."

ಹುಡುಗಿಯರು ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಬಾಯಾರು ಮಕ್ಕಳನ್ನು ಟ್ರೇಲರ್ ಹತ್ತಿಸಲಿಲ್ಲ. ಉಳಿದ ಊರುಗಳಿಗೆ ಬಾಯಾರೂ ನಾನೂ ಇಬ್ಬರೇ ಬಸ್ಸಿನಲ್ಲಿ ಖಾಲಿ ಚೀಲ ಹಿಡಿದು ಹೋದೆವು. ಸಿರಸಂಗಿಯ ಹತ್ತಿರದ ಒಂದು ಕಣದಲ್ಲಿ ಜೋಳ ತೂರುತ್ತಿದ್ದ ಹೆಂಗಸು ಕೇಳಿದಳು: "ಹುಡುಗ್ಯಾರ ಎಲ್ಲೆದಾರ?"

"ಸಾಲ್ಯಾಗ ಅದಾರ್ರಿ. ಇನ್ನ ಮ್ಯಾಲೆ ಕರಕೊಂಡ ಬರಾಂಗಿಲ್ಲ. ಹಾಡ ಇಲ್ಲರಿ ಈ ಸಲ," ಎಂದೆ ಅಳುಕುತ್ತ.

ಅವಳು ಮೊರ ಕೆಳಗಿಟ್ಟಳು. "ಹಾಡ ಕೇಳಾಕ ಕೊಡತಿದ್ವೇನ್ರಿ ನಾವು? ಓದೂ ಹುಡುಗ್ಯಾರನ್ನ ಬಿಸಲಾಗ ತಿರಗಸತಾರಲ್ಲಾ ಅಂತ ನಮ್ಮತ್ತಿ ಪ್ರತಿ ವರ್ಷಾ ಬೈತಾಳ. ಹಿಡೀರಿ ಚೀಲ."

ಬಾಯಾರು ನನ್ನ ಮುಖ ನೋಡಿದರು. ಇಷ್ಟು ವರ್ಷ ಆ ಮಕ್ಕಳ ಮುಖ ತೋರಿಸಿ ತಂದದ್ದನ್ನು, ಸುಮ್ಮನೆ ಬಾಯಿಬಿಟ್ಟು ಕೇಳಿದ್ದರೂ ಕೊಡುತ್ತಿದ್ದರು. ನಾವು ಕೇಳಿಯೇ ನೋಡಿರಲಿಲ್ಲ. ಎಲ್ಲ ಊರುಗಳಲ್ಲೂ ಹಾಗೇ ಆಯಿತು ಎನ್ನಲಾರೆ, ಎರಡು ಕಡೆ ಬರಿಗೈಯಲ್ಲಿ ಬಂದೆವು. ಆದರೆ ಉಗ್ರಾಣ ಮುಲ್ಕಿಯ ತನಕ ಖಾಲಿಯಾಗಲಿಲ್ಲ.

ಪರೀಕ್ಷೆ ಮುಗಿದ ಮರುದಿನ ಅವಳ ಅವ್ವ ಬಂದಳು. ಹುಡುಗಿ ಅವಳನ್ನು ಕೈ ಹಿಡಿದು ಎಳೆದೊಯ್ದು ಉಗ್ರಾಣದ ಬಾಗಿಲು ತೆಗೆದಳು. "ಇನ್ನೂ ಮೂರ ಚೀಲ ಅದಾವ ನೋಡಬೇ. ಎಂಟನೇ ಕ್ಲಾಸಿಗೂ ಇಲ್ಲೇ ಇರತೇನಿ."

"ನಿನ್ನ ತಮ್ಮ ಅಳತಾನವಾ," ಎಂದಳು ಅವ್ವ. ಒಂದು ಚೀಲದೊಳಗೆ ಕೈ ಹಾಕಿ, ಹಿಡಿ ಜೋಳ ಎತ್ತಿ, ಬಹಳ ಹೊತ್ತು ನೋಡಿ, ಮತ್ತೆ ಅದರಲ್ಲೇ ಸುರಿದಳು. ಸಂಜೆಯ ಬಸ್ಸಿಗೆ ಒಬ್ಬಳೇ ಹೋದಳು.

ಹುಡುಗಿ ಬಸ್ಸಿಗೆ ಕೈ ಬೀಸುತ್ತ ನನ್ನ ಪಕ್ಕದಲ್ಲೇ ನಿಂತಿದ್ದಳು. ಅಂದು ನಾನು ಜಿಗಿದದ್ದನ್ನು ಅವಳು ನೋಡಿದ್ದಳೇ ಎಂದು ಕೇಳಬೇಕೆಂದುಕೊಂಡೆ. ಇಂದಿಗೂ ಕೇಳಿಲ್ಲ.