ಮುಟ್ಟಿದ್ರೆ ಸಾಕು, ಎತ್ತಬೇಡ

ನನ್ನ ಅಳಿಯ ಆಂಡ್ರ್ಯೂನ ವಿಷಯ ಹೇಳ್ತೇನೆ. ಹೇಝಲ್, ಫೋನು ಸ್ವಲ್ಪ ಹತ್ರ ಹಿಡಿ ಮಗಾ. ನಿನ್ನ ಅಪ್ಪನ ಕತೆಯೇ ಆದ್ರೂ ನಿನಗೆ ಅರ್ಧ ಗೊತ್ತಿಲ್ಲ, ನೀನು ಆಗ ಮಂಗಳೂರಲ್ಲಿ ಹಾಸ್ಟೆಲಿನಲ್ಲಿ ಇದ್ದೆ.

ಆಂಡ್ರ್ಯೂ ಒಮಾನಿನ ಈ ಸಲಾಲಾಕ್ಕೆ ಬಂದದ್ದು ಬಂದರಿನ ಲಾಶಿಂಗ್ ಕೆಲಸಕ್ಕೆ. ಲಾಶಿಂಗ್ ಅಂದ್ರೆ ಎಂತ? ಹಡಗಿನ ಮೇಲೆ ಒಂದರ ಮೇಲೊಂದು ಕಂಟೇನರ್ ಪೇರಿಸ್ತಾರಲ್ಲ, ಅದು ಸಮುದ್ರದಲ್ಲಿ ಉರುಳಬಾರದು ಅಂತ ಕಬ್ಬಿಣದ ಸಲಾಕೆ ಹಾಕಿ ಬಿಗಿಯುವುದು. ಸಲಾಕೆ ಒಂದೊಂದೂ ಒನಕೆಗಿಂತ ಉದ್ದ. ತಲೆ ಮೇಲೆ ಎತ್ತಿ ಸಿಕ್ಕಿಸಬೇಕು. ಆ ಬಿಸಿಲಲ್ಲಿ ನಾವಾದ್ರೆ ಬರೀ ಕೈ ಎತ್ತುವುದೂ ಕಷ್ಟ. ಇವ ಮಾತ್ರ ಸಂಜೆ ಬಂದು ಬಿಲ್ಡಿಂಗಿನ ಎಲ್ಲರ ಗ್ಯಾಸ್ ಸಿಲಿಂಡರ್ ಮೇಲೆ ಹೊತ್ಕೊಂಡು ಹೋಗ್ತಿದ್ದ. ನಮ್ಮಲ್ಲಿ ಲಿಫ್ಟ್ ಇಲ್ಲ. ಕೆಳಗಿನ ಮನೆ ಬೀಫಾತುಮ್ಮನಿಗಂತೂ ಸಿಲಿಂಡರು, ಅಕ್ಕಿ ಮೂಟೆ, ಎಲ್ಲಾ ಇವನೇ.

ಬೇರೆಯವರಿಗೆ ಮಾಡುವುದರಲ್ಲಿ ಎತ್ತಿದ ಕೈ. ಆದ್ರೆ ಬೇರೆಯವರು ಇವನಿಗೆ ಮಾಡುವ ಹಾಗಿಲ್ಲ! ಖರೀಫ್ ಅಂದ್ರೆ ಇಲ್ಲಿನ ಮಳೆಗಾಲ, ಆ ಜಿಟಿಜಿಟಿ ಮಳೆಯಲ್ಲಿ ಯಾರಾದ್ರೂ ಕಾರು ನಿಲ್ಲಿಸಿ ಹತ್ತಿ ಅಂದ್ರೆ, "ಬೇಡ ಬೇಡ, ಇಲ್ಲೇ ಹತ್ರ" ಅಂತ ನೆನೆದುಕೊಂಡೇ ಬರ್ತಿದ್ದ. ನಮ್ಮೂರಿನಲ್ಲಿ ನೆರೆಮನೆಯ ಪಾತ್ರೆ ಖಾಲಿ ಹಿಂದೆ ಕೊಡುವ ಕ್ರಮ ಇಲ್ಲ ನಿಜ, ಆದ್ರೆ ಅದಕ್ಕೊಂದು ಸಾವಕಾಶ ಉಂಟಲ್ಲ? ಬೀಫಾತುಮ್ಮ ಪತ್ತಿರಿ ರೊಟ್ಟಿ ತಂದು ಕೊಟ್ಟ ಕೂಡ್ಲೇ, "ಏಂಜೆಲಾ, ಎಂತಾದ್ರೂ ತುಂಬಿಸಿ ಈಗ್ಲೇ ಕೊಟ್ಟು ಬಾ" ಅಂತ ಹೆಂಡತಿಯನ್ನು ಓಡಿಸುವುದು. ಬೀಫಾತುಮ್ಮ ಒಂದು ದಿನ ನೇರ ಕೇಳಿದ್ಲು: "ಅಲ್ಲ ಏಂಜೆಲಾ, ನನ್ನ ಪಾತ್ರೆ ಕಂಡ್ರೆ ನಿನ್ನ ಗಂಡನಿಗೆ ಪೊಲೀಸು ಬಂದ ಹಾಗೆ ಆಗ್ತದಾ?"

ಇಲ್ಲಿ ಒಂಟೆಗೆ ಒಣಗಿಸಿದ ಬೂತಾಯಿ ಹಾಕ್ತಾರೆ, ಗೊತ್ತುಂಟಾ? ನಾನು ಬಂದ ಹೊಸತರಲ್ಲಿ ಅದನ್ನು ನೋಡಿ ಊಟವೇ ಬಿಟ್ಟಿದ್ದೆ. ನಾವು ಪುಳಿಮುಂಚಿ ಮಾಡಿ ಚಪ್ಪರಿಸುವ ಮೀನು ಒಂಟೆಯ ಬಾಯಲ್ಲಿ! ಇರಲಿ. ಎಲ್ಲಿದ್ದೆ ನಾನು? ಹಾಂ, ಆಂಡ್ರ್ಯೂ. ಇನ್ನು ಇವನ ಶಿಲುಬೆಯ ವಿಷಯ.

ಗುಡ್ ಫ್ರೈಡೇ ದಿನ ನಮ್ಮ ಇಗರ್ಜಿಯಲ್ಲಿ ಶಿಲುಬೆ ಹಾದಿ ಇರ್ತದೆ. ಯೇಸು ಶಿಲುಬೆ ಹೊತ್ತು ಗುಡ್ಡ ಹತ್ತಿದ್ದನ್ನು ನೆನೆಸಿ ಹದಿನಾಲ್ಕು ಕಡೆ ನಿಂತು ಪ್ರಾರ್ಥನೆ ಮಾಡುವುದು. ರಸ್ತೆಗೆ ಹೋಗ್ಲಿಕ್ಕಿಲ್ಲ, ಕಾಂಪೌಂಡಿನ ಒಳಗೆಯೇ ಸುತ್ತುವುದು. ಬೇರೆ ಕಡೆ ಪ್ಲೈವುಡ್ಡಿನ ಹಗುರದ ಶಿಲುಬೆ ಮಾಡ್ತಾರೆ. ಆಂಡ್ರ್ಯೂಗೆ ಅದು ಆಗುವುದಿಲ್ಲ. ಹಡಗಿನಲ್ಲಿ ಸಾಮಾನು ಅಲುಗಾಡದ ಹಾಗೆ ಸಂದಿಗೆ ಕೊಡುವ ದಪ್ಪ ಮರ ಉಂಟಲ್ಲ, ಅದನ್ನು ಸೂಪರ್‌ವೈಸರ ಹತ್ರ ಕೇಳಿ ತಂದು ತಾನೇ ಶಿಲುಬೆ ಮಾಡಿದ್ದ. ಪ್ರತಿ ವರ್ಷ ಹೊರುವುದೂ ತಾನೇ.

ಐದನೇ ಸ್ಥಳದಲ್ಲಿ ಸಿಮೋನ ಬರ್ತಾನೆ. ಹೊಲದಿಂದ ಬರ್ತಿದ್ದ ಮನುಷ್ಯ, ಸಿಪಾಯಿಗಳು ಅವನನ್ನು ಹಿಡಿದು ಯೇಸುವಿನ ಶಿಲುಬೆಗೆ ಹೆಗಲು ಕೊಡಿಸಿದ್ರು. ನಮ್ಮಲ್ಲಿ ಸಿಮೋನ ಆಗುವವ ಬೊನಾ, ಹೋಟೆಲ್ ಅಡಿಗೆಮನೆಯಲ್ಲಿ ಕೆಲಸ ಮಾಡುವ ಸಪೂರದ ಹುಡುಗ, ಶಿರ್ವದ ಕಡೆಯವ. ಆಂಡ್ರ್ಯೂ ಅವನಿಗೆ ಮೊದಲ ವರ್ಷವೇ ಕಿವಿಯಲ್ಲಿ ಹೇಳಿದ್ದ: "ಮುಟ್ಟಿದ್ರೆ ಸಾಕು, ಎತ್ತಬೇಡ. ಭಾರ ನನ್ನದು." ಬೊನಾ ಪಾಪ, ವರ್ಷ ವರ್ಷ ಮುಟ್ಟಿಕೊಂಡೇ ನಡೀತಿದ್ದ.

ಹಾಗಿರುವಾಗ ಬಂದರಿನಲ್ಲಿ ಸಲಾಕೆ ಜಾರಿ ಆಂಡ್ರ್ಯೂನ ಬಲಭುಜ ಎಳೆದು ಹೋಯ್ತು. ಒಳಗೆ ಹರಿದಿದೆ ಅಂದ್ರು. ಆಪರೇಷನ್ ಆಯ್ತು. ಕೈ ಕಿವಿಯಿಂದ ಮೇಲೆ ಹೋಗ್ಲಿಲ್ಲ. ಡಾಕ್ಟರು, ಇನ್ನು ಭಾರ ಎತ್ತಬಾರದು ಅಂದ್ರು. ಕಂಪನಿಯವರು ಆಫೀಸಿನಲ್ಲಿ ಕೂರಿಸಿದ್ರು. ತಲೆ ಬಾಚ್ಲಿಕ್ಕೆ ಆಗುವುದಿಲ್ಲ, ಹೆಂಡತಿಯನ್ನು ಕೇಳುವುದೂ ಇಲ್ಲ, ಕಾಗೆ ಗೂಡಿನ ಹಾಗೆ ತಲೆ ಇಟ್ಕೊಂಡು ಆಫೀಸಿಗೆ ಹೋಗುವುದು. ನಾನು ನಗಬೇಕಾ ಅಳಬೇಕಾ?

ಮತ್ತೆ ಗುಡ್ ಫ್ರೈಡೇ ಹತ್ರ ಬಂತು. "ಈ ವರ್ಷವೂ ನಾನೇ ಹೊರುವುದು" ಅಂದ. ಏಂಜೆಲಾ ಅತ್ತಳು. ಪುನಃ ಹರಿದರೆ ಇನ್ನು ಆ ಕೈ ಜನ್ಮಕ್ಕೆ ಬರುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಕಮಿಟಿಯವರು ಬಂದು ಹಗುರದ್ದು ಮಾಡುವ ಅಂದ್ರು. ಇವ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ನಾನೇ ಹಿಡ್ಕೊಂಡೆ.

"ಪುತಾ, ಸಿಮೋನನಿಗೆ ಸ್ವಲ್ಪ ಕೊಡು ಭಾರ."

"ಮಾಂಯ್, ದೇವರು ಸರ್ವಶಕ್ತ. ಅವನು ಯಾರ ಹತ್ರವೂ ಕೈ ಚಾಚಿದವನಲ್ಲ. ಅವನ ವೇಷದಲ್ಲಿ ನಿಂತು ನಾನು ಚಾಚಬೇಕಾ?"

ನನಗೆ ಸಿಟ್ಟು ಬಂತು ನೋಡು. "ಚಾಚಿದವನಲ್ವಾ? ಬಾವಿಕಟ್ಟೆಯಲ್ಲಿ ಆ ಹೆಂಗಸಿನ ಹತ್ರ ಕುಡಿಲಿಕ್ಕೆ ನೀರು ಕೇಳಿದ್ದು ಯಾರು, ನಿನ್ನ ಫೋರ್‌ಮ್ಯಾನಾ? ಹುಟ್ಟಿದ್ದು ಯಾರದ್ದೋ ಕೊಟ್ಟಿಗೆಯಲ್ಲಿ. ಪಟ್ಟಣಕ್ಕೆ ಹೋದದ್ದು ಯಾರದ್ದೋ ಕತ್ತೆ ಮೇಲೆ. ಹೂತದ್ದೂ ಬೇರೆಯವನ ಗುಂಡಿಯಲ್ಲಿ. ಸೂರ್ಯ ಚಂದ್ರ ಮಾಡಿದವನಿಗೆ ಒಂದು ಮರ ಎತ್ಲಿಕ್ಕೆ ಬರ್ತಿರ್ಲಿಲ್ವಾ?"

"ಅದು ಪ್ರೀತಿಗೆ ಮಾಂಯ್, ಶಕ್ತಿ ಇಲ್ಲದೆ ಅಲ್ಲ."

"ಅದನ್ನೇ ನಾನೂ ಹೇಳುವುದು. ಶಕ್ತಿ ಇದ್ದವ ಕೇಳಿದ. ಶಕ್ತಿ ಇಲ್ಲದ ನೀನು ಕೇಳುವುದಿಲ್ಲ. ಹಾಗಾದ್ರೆ ನಿಮ್ಮಿಬ್ಬರಲ್ಲಿ ದೊಡ್ಡ ಜನ ಯಾರು ಮಾರಾಯ?"

ಅವ ಎದ್ದು ಹೊರಗೆ ಹೋದ. ಹೋದದ್ದು ಎಲ್ಲಿಗೆ? ಶಿಲುಬೆಗೆ ಎಣ್ಣೆ ಉಜ್ಜಲಿಕ್ಕೆ!

ಶುಕ್ರವಾರ ಬಂತು. ಇಲ್ಲಿ ಶುಕ್ರವಾರ ಹೇಗೂ ರಜೆ, ಕಾಂಪೌಂಡು ತುಂಬಿ ಜನ. ಇವ ಎಡಹೆಗಲ ಮೇಲೆ ಶಿಲುಬೆ ಇಟ್ಟು ಹೊರಟ. ಮೂರನೇ ಸ್ಥಳ ಅಂದ್ರೆ ಯೇಸು ಮೊದಲ ಸಲ ಬೀಳುವುದು. ಆಂಡ್ರ್ಯೂ ಅಲ್ಲಿ ಯಾವಾಗ್ಲೂ ಮೆಲ್ಲ ಮೊಣಕಾಲೂರಿ ಬೀಳುವವ. ಈ ಸಲ ದಪ್ ಅಂತ ಬಿದ್ದ. ಜನ ಭಕ್ತಿ ಅಂದುಕೊಂಡ್ರು. ಏಂಜೆಲಾ ನನ್ನ ಕೈ ಹಿಡ್ಕೊಂಡಳು, ಅವಳಿಗೂ ನನಗೂ ಗೊತ್ತು. ಎದ್ದ. ಹಲ್ಲು ಕಚ್ಚಿಕೊಂಡು ಎದ್ದ.

ಐದನೇ ಸ್ಥಳ. ಬೊನಾ ಬಂದ. ಅಲ್ಲಿ ಪ್ರಾರ್ಥನೆ ಮಲಯಾಳದವರದ್ದು, ಅವರದ್ದು ಸ್ವಲ್ಪ ಉದ್ದ, ಚಂದ ಹೇಳ್ತಾರೆ. ಆಂಡ್ರ್ಯೂನ ಹೆಗಲಿಂದ ಶಿಲುಬೆ ಬಲಗಡೆಗೆ ಜಾರ್ತಾ ಉಂಟು, ಇವ ತಗ್ಗುತ್ತಾ ತಗ್ಗುತ್ತಾ ಬರ್ತಾನೆ. ಬೊನಾ? ದೇವರ ಪಟ ಮುಟ್ಟಿದ ಹಾಗೆ ಮರಕ್ಕೆ ಎರಡು ಬೆರಳು ಇಟ್ಟು ಕಣ್ಣು ಮುಚ್ಚಿ ನಿಂತಿದ್ದಾನೆ! ಅವನ ತಪ್ಪಲ್ಲ. ಕಲಿಸಿದ್ದೇ ಹಾಗೆ.

ಪ್ರಾರ್ಥನೆ ನಿಂತಿತು. ಆಗ ಆಂಡ್ರ್ಯೂನ ಸ್ವರ.

"ಬೊನಾ, ಎತ್ತು."

"ಆಂ?"

"ಎತ್ತು ಮಾರಾಯ."

"ಅಣ್ಣ, ನೀವೇ ಯಾವಾಗ್ಲೂ ಬೇಡ ಅಂತ..."

"ಎತ್ತು! ನನ್ನಿಂದ ಆಗುವುದಿಲ್ಲ!"

ಕಾಂಪೌಂಡಿಗೆ ಕಾಂಪೌಂಡೇ ಕೇಳಿತು. ನನ್ನ ಅಳಿಯನ ಬಾಯಲ್ಲಿ ಆ ಮಾತು ನಾನು ಅವತ್ತಿನವರೆಗೆ ಕೇಳಿದ್ದಿಲ್ಲ. ಬೊನಾ ಕಣ್ಣು ಬಿಟ್ಟ, ನೋಡಿದ, ಬಗ್ಗಿ ಹೆಗಲು ಕೊಟ್ಟ. ಆ ಸಪೂರ ಹುಡುಗನ ಕುತ್ತಿಗೆಯ ನರ ಎದ್ದು ಕಂಡಿತು. ಇಬ್ಬರೂ ಒಟ್ಟಿಗೆ ನಿಂತ್ರು.

ಆರನೇ ಸ್ಥಳದಲ್ಲಿ ಸಿಮೋನ ಬಿಟ್ಟು ಹೋಗುವ ಪದ್ಧತಿ. ಬೊನಾ ಹೆಗಲು ತೆಗೀಲಿಕ್ಕೆ ನೋಡಿದ. ಆಂಡ್ರ್ಯೂ ಒಳ್ಳೆ ಕೈಯಲ್ಲಿ ಅವನ ಅಂಗಿ ಹಿಡಿದ, ಬಿಡ್ಲಿಲ್ಲ. ಕೊನೆವರೆಗೆ ಇಬ್ಬರೂ ಹೊತ್ತರು. ಭುಜಕ್ಕೆ ಏನೂ ಆಗ್ಲಿಲ್ಲ ಅಂತ ಆಮೇಲೆ ಡಾಕ್ಟರು ಹೇಳಿದ್ರು, ದೇವರ ದಯೆ. ಬೈದದ್ದು ಮಾತ್ರ ಚೆನ್ನಾಗಿಯೇ ಬೈದರು.

ಮುಗಿದ ಮೇಲೆ ಕಮಿಟಿಯವರು ಹೇಳಿದ್ರು, "ಬರುವ ವರ್ಷ ಪ್ಲೈವುಡ್ಡಿನದ್ದೇ ಮಾಡುವ ಆಂಡ್ರ್ಯೂ."

"ಇಲ್ಲ. ಮರ ಇದೇ," ಅಂದ. "ಹೊರುವ ಜನ ಜಾಸ್ತಿ ಆಗ್ಬೇಕು, ಅಷ್ಟೇ. ನಾನು ನೋಡ್ತೇನೆ."

ಹಾಗೆ ಈ ವರ್ಷ ತಪಸ್ಸು ಕಾಲ, ಅಂದ್ರೆ ಈಸ್ಟರಿಗೆ ಮೊದಲಿನ ನಲವತ್ತು ದಿನ, ಶುರುವಾದಲ್ಲಿಂದ, ಆಫೀಸು ಬಿಟ್ಟ ಮೇಲೆ ಅವ ಒಂದೊಂದೇ ಮನೆ, ಒಂದೊಂದೇ ಲೇಬರ್ ಕ್ಯಾಂಪು ಹತ್ತಿ ಇಳೀತಾನೆ. "ನನ್ನ ಭುಜ ಸರಿ ಇಲ್ಲ, ಶಿಲುಬೆಗೆ ಹೆಗಲು ಕೊಡ್ತೀರಾ?" ಕೇಳುವಾಗ ಅವನ ಮುಖ ಕಷಾಯ ಕುಡಿದ ಹಾಗೆ ಆಗ್ತದಂತೆ, ಬೊನಾ ಹೇಳಿ ನಗ್ತಾನೆ. ಆದ್ರೂ ಕೇಳ್ತಾನೆ. ನಿನ್ನೆ ಒಬ್ಬ ವೆಲ್ಡರ್, ತಮಿಳಿನವ, ಬಾಗಿಲಲ್ಲೇ ನಿಲ್ಲಿಸಿ ಆಗುವುದಿಲ್ಲ ಅಂದನಂತೆ. ನಾನು "ಬಿಡು ಪುತಾ, ಬೇರೆ ಯಾರಾದ್ರೂ ಸಿಗ್ತಾರೆ" ಅಂದೆ.

ಗಂಜಿ ಉಣ್ಣುತ್ತಾ ಇದ್ದವ ತಲೆ ಎತ್ತಿ ಹೇಳಿದ: "ನಾಳೆ ಪುನಃ ಹೋಗಿ ಕೇಳ್ತೇನೆ ಮಾಂಯ್."